ಸಾವು, ತೆರಿಗೆ ಮತ್ತು ಅಮೆರಿಕದಲ್ಲಿರುವ ನಾವು

ಏಪ್ರಿಲ್ ಹತ್ತಿರ ಬಂದರೆ ಅಮೆರಿಕದ ಆಫೀಸುಗಳಲ್ಲಿ ಈ ಮಾತು ಕಿವಿಗೆ ಬೀಳುತ್ತದೆ: ಸಾವು ಮತ್ತು ತೆರಿಗೆ ಬಿಟ್ಟರೆ ಈ ಲೋಕದಲ್ಲಿ ಯಾವುದೂ ಖಾತ್ರಿಯಿಲ್ಲ. ಅಮೆರಿಕ ದೇಶ ಕಟ್ಟಿದ ನಾಯಕರಲ್ಲೊಬ್ಬರಾದ ಬೆಂಜಮಿನ್ ಫ್ರಾಂಕ್ಲಿನ್ 1789ರ ನವೆಂಬರ್‌ನಲ್ಲಿ ಫ್ರಾನ್ಸಿನ ಗೆಳೆಯರೊಬ್ಬರಿಗೆ ಬರೆದ ಪತ್ರದಿಂದ ಇದು ಹೆಸರಾಯಿತು. ಅವರು ತೆರಿಗೆಯನ್ನು ಬೈಯುತ್ತಿರಲಿಲ್ಲ. ಅಮೆರಿಕದ ಹೊಸ ಸಂವಿಧಾನ ಬಾಳಿಕೆ ಬರುವಂತೆ ಕಾಣುತ್ತಿದೆ, ಆದರೂ ಯಾವುದನ್ನೂ ಖಾತ್ರಿಯಾಗಿ ಹೇಳುವಂತಿಲ್ಲ ಅನ್ನುವುದು ಅವರ ಮಾತಿನ ಹುರುಳು. ಆಗ ಅವರಿಗೆ 83 ವರ್ಷ. ಐದು ತಿಂಗಳಲ್ಲಿ ತೀರಿಕೊಂಡರು. ಇದೇ ಮಾತು ಇಂಗ್ಲೆಂಡಿನ 1716ರ ನಾಟಕವೊಂದರಲ್ಲೇ ಬಂದಿತ್ತು.

ಸಂಬಳದಿಂದ ಈಗ ಮುರಿದುಕೊಳ್ಳುವ ಫೆಡರಲ್ (ಕೇಂದ್ರ ಸರ್ಕಾರದ) ಆದಾಯ ತೆರಿಗೆಗೆ ದಾರಿಯಾಗಿದ್ದು ಬಹಳ ತಡವಾಗಿ, 1913ರ ಸಂವಿಧಾನ ತಿದ್ದುಪಡಿಯಿಂದ. ಏಪ್ರಿಲ್ 15ರೊಳಗೆ ರಿಟರ್ನ್ ಸಲ್ಲಿಸಬೇಕು. ಅಕ್ಟೋಬರ್‌ವರೆಗೆ ಸಮಯ ಕೇಳಬಹುದು, ಆದರೆ ಹಣ ಕಟ್ಟಲು ಆ ರಿಯಾಯಿತಿ ಇಲ್ಲ.

ನಮ್ಮವರು ಜಾಸ್ತಿ ಎಡವುವುದು ಊರಿನ ಖಾತೆಗಳಲ್ಲಿ. ಮೈಸೂರಿನ ಬ್ಯಾಂಕಿನಲ್ಲಿಟ್ಟ ಎನ್‌ಆರ್‌ಇ (ಅನಿವಾಸಿ ಭಾರತೀಯರ) ಠೇವಣಿಯ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಅಲ್ವಾ? ತೆರಿಗೆ ಲೆಕ್ಕದಲ್ಲಿ ನೀವು ಅಮೆರಿಕದ ನಿವಾಸಿಯಾಗಿದ್ದರೆ ಇಲ್ಲಿ ಅದೂ ಆದಾಯವೇ. ರಿಟರ್ನ್‌ನಲ್ಲಿ ಬಡ್ಡಿ, ಡಿವಿಡೆಂಡ್ ತೋರಿಸುವ ಶೆಡ್ಯೂಲ್ ಬಿ ಪುಟದ ಕೊನೆಯಲ್ಲಿ ವಿದೇಶದಲ್ಲಿ ಖಾತೆ ಇದೆಯೇ ಎಂಬ ಪ್ರಶ್ನೆ ಇರುತ್ತದೆ. ಸುಮ್ನೆ ‘ಇಲ್ಲ’ ಅಂತ ಗುರುತು ಹಾಕಬೇಡಿ. ಭಾರತದ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಒಂದೇ ಒಂದು ದಿನ 10,000 ಡಾಲರ್ ದಾಟಿದ್ದರೂ ಎಫ್‌ಬಿಎಆರ್ ಎಂಬ ವಿದೇಶಿ ಖಾತೆಗಳ ವರದಿಯನ್ನು ಬೇರೆಯಾಗಿ ಸಲ್ಲಿಸಬೇಕು. ಅಪ್ಪ ಅಮ್ಮನ ಜೊತೆಗಿನ ಜಂಟಿ ಖಾತೆಯೂ ಲೆಕ್ಕಕ್ಕೆ ಬರುತ್ತದೆ.

ಇನ್ನು ಸಾವಿನ ವಿಷಯ. ಇದನ್ನು ಮನೆಯಲ್ಲಿ ಯಾರೂ ಮಾತಾಡುವುದಿಲ್ಲ, ಮಾತಾಡಲೇಬೇಕು. ನೀವು ಅಮೆರಿಕದ ಪ್ರಜೆಯಾಗದೆ ಬೆಂಗಳೂರಿಗೆ ವಾಪಸಾಗಿ ನೆಲೆಸಿದ್ದೀರಿ, ಅಮೆರಿಕದ ಕಂಪನಿ ಷೇರು, ಮನೆ ಅಲ್ಲೇ ಉಳಿದಿವೆ ಅಂದುಕೊಳ್ಳಿ. ನಿಮ್ಮ ನಂತರ ಆ ಆಸ್ತಿಯಲ್ಲಿ ವಿನಾಯಿತಿ ಸಿಗುವುದು ಸುಮಾರು 60,000 ಡಾಲರ್‌ಗೆ ಮಾತ್ರ. ಅದರ ಮೇಲಿನದಕ್ಕೆ ಎಸ್ಟೇಟ್ ತೆರಿಗೆ (ತೀರಿಕೊಂಡವರ ಆಸ್ತಿಯ ಮೇಲಿನ ತೆರಿಗೆ) ಶೇ 40ರವರೆಗೂ ಏರುತ್ತದೆ. ಇದನ್ನು ತಗ್ಗಿಸುವ ಒಪ್ಪಂದ ಎರಡು ದೇಶಗಳ ನಡುವೆ ಇಲ್ಲ. ಅಮೆರಿಕದ ಪ್ರಜೆಯಲ್ಲದ ಗಂಡ ಅಥವಾ ಹೆಂಡತಿಗೆ ಆಸ್ತಿ ಹೋದರೆ, ಪ್ರಜೆಗಳಿಗೆ ಸಿಗುವ ಪೂರ್ತಿ ವಿನಾಯಿತಿ ತಾನಾಗಿ ಸಿಗುವುದಿಲ್ಲ. ಹಾಗಾಗಿ ಊರಿಗೆ ಹೊರಡುವ ಮೊದಲೇ ಎರಡೂ ದೇಶದ ಕಾನೂನು ಗೊತ್ತಿರುವ ತೆರಿಗೆ ಸಲಹೆಗಾರರ ಹತ್ತಿರ ಕೂತು ಮಾತಾಡಿ. ಷೇರು, ಖಾತೆಗಳ ಪಟ್ಟಿಯನ್ನು ಮನೆಯವರ ಕೈಗೂ ಕೊಡಿ.