ಮಡಚುವ ಚಾಕು ಕೊನೆಗೂ ಹರಿತವಾಗಿದ್ದು ಹೀಗೆ

ಎಷ್ಟು ಉಜ್ಜಿದರೂ ಚಾಕು ಟೊಮೆಟೊ ಸಿಪ್ಪೆಯ ಮೇಲೆ ಜಾರುತ್ತಿತ್ತು. ಕಾಗದವನ್ನು ಕತ್ತರಿಸದೆ ಹರಿಯುತ್ತಿತ್ತು.

ಪಿಂಗಾಣಿ ಕಪ್ಪಿನ ತಳಕ್ಕೆ ಉಜ್ಜಿದರೆ ಸ್ವಲ್ಪ ದಿನ ಪರವಾಗಿಲ್ಲ, ಆಮೇಲೆ ಮತ್ತೆ ಮೊಂಡು. ಸೀಳಿನಲ್ಲಿ ಎಳೆಯುವ ಶಾರ್ಪನರ್ ಅಂಚನ್ನು ತರಿತರಿ ಮಾಡಿತು. 3000 ಗ್ರಿಟ್ (ಕಲ್ಲಿನ ಕಣಗಳ ಅಳತೆ; ಸಂಖ್ಯೆ ಹೆಚ್ಚಿದಷ್ಟೂ ನುಣುಪು) ಕಲ್ಲಿನಿಂದ ಹೊಳಪು ಬಂತು ಅಷ್ಟೇ. ಪೂರ್ತಿ ಮೊಂಡಾದ ಅಲಗಿಗೆ ಅದು ತೀರಾ ನುಣುಪು.

ಕೆಲಸ ಮಾಡಿದ್ದು ಒಂದು ಬದಿ 400, ಇನ್ನೊಂದು ಬದಿ 1000 ಗ್ರಿಟ್‌ನ ಸಾಣೆ ಕಲ್ಲು. ಒದ್ದೆ ಬಟ್ಟೆಯ ಮೇಲಿಟ್ಟರೆ ಕಲ್ಲು ಜಾರುವುದಿಲ್ಲ. ಮೊದಲು ಅಂಚಿಗೆ ಎರಡೂ ಕಡೆ ಮಾರ್ಕರ್ ಬಳಿಯಿರಿ. ಕೋನ ಸುಮಾರು 20 ಡಿಗ್ರಿ. ಅಂದರೆ ಅಲಗು 20 ಮಿ.ಮೀ. ಅಗಲವಿದ್ದರೆ ಬೆನ್ನು ಕಲ್ಲಿನಿಂದ 7 ಮಿ.ಮೀ. ಮೇಲಿರಬೇಕು. 400ರ ಮೇಲೆ ಎರಡು ಸಲ ಎಳೆದು ನೋಡಿ. ಬಣ್ಣ ಬೆನ್ನಿನ ಕಡೆಗೆ ಮಾತ್ರ ಹೋಗಿದ್ದರೆ ಬೆನ್ನು ಎತ್ತಿ; ಹರಿತದ ಕೊನೆಯಲ್ಲಿ ಮಾತ್ರ ಹೋಗಿದ್ದರೆ ಇಳಿಸಿ.

ಇನ್ನು ಮುಖ್ಯವಾದದ್ದು. ಒಂದೇ ಬದಿ ಉಜ್ಜುತ್ತಾ ಇರಿ, ಇನ್ನೊಂದು ಬದಿಯಲ್ಲಿ ಬರ್ (ಅಂಚಿನಲ್ಲಿ ಮಡಚಿಕೊಳ್ಳುವ ಲೋಹದ ಸಣ್ಣ ಏಣು) ಏಳುವ ತನಕ. ಬೆರಳನ್ನು ಬೆನ್ನಿನಿಂದ ಅಂಚಿನ ಕಡೆಗೆ, ಹೊರಕ್ಕೆ ಸವರಿದರೆ ಸಣ್ಣಗೆ ತಡೆಯುತ್ತದೆ. ಅಂಚಿನ ಉದ್ದಕ್ಕೆ ಬೆರಳು ಎಳೆಯಲೇಬೇಡಿ. ಬರ್ ಹಿಡಿಯಿಂದ ತುದಿವರೆಗೂ ಬರಬೇಕು. ತುದಿಯ ಹತ್ತಿರ ಜಾಸ್ತಿ ಹೊತ್ತು ಬೇಕಾಗುತ್ತದೆ. ಬಂದ ಮೇಲೆ ತಿರುಗಿಸಿ, ಆ ಕಡೆಯೂ ಹಾಗೇ ಮಾಡಿ.

ಆಮೇಲೆ 1000ದಲ್ಲಿ ಅದೇ ಕ್ರಮ. ಕೊನೆಗೆ ಒಂದೊಂದು ಬದಿಗೆ ಒಂದೊಂದೇ ಎಳೆತ, ಒತ್ತಡ ಕಡಿಮೆ ಮಾಡುತ್ತಾ ಬರೀ ಚಾಕುವಿನ ಭಾರದವರೆಗೆ. ಹಳೆ ಚರ್ಮದ ಬೆಲ್ಟಿನ ಒಳಮೈ ಮೇಲೆ ಬೆನ್ನು ಮುಂದಾಗಿ ಹತ್ತು ಹತ್ತು ಸಲ ಎಳೆದರೆ ಉಳಿದ ಬರ್ ಹೋಗುತ್ತದೆ.