ಹಿರಿಯರು ನೇರವಾಗಿ ಕೇಳಿದಾಗ: ಆರೈಕೆಯ ನರ್ಸ್‌ಗಳು ಸತ್ಯವನ್ನು ಹೇಗೆ ಹೇಳಬೇಕು

ವೈದ್ಯರು ರೌಂಡ್ಸ್‌ಗೆ ಬಂದಾಗ ವಯಸ್ಸಾದವರು ಹೆಚ್ಚಾಗಿ ಏನನ್ನೂ ಕೇಳುವುದಿಲ್ಲ. ಹೇಗಿದ್ದೀರಿ ಎಂದರೆ ಕೈಮುಗಿದು ‘ಅಡ್ಡಿಲ್ಲ ಡಾಕ್ಟ್ರೇ’ ಎಂದುಬಿಡುತ್ತಾರೆ. ಅವರ ನಿಜವಾದ ಪ್ರಶ್ನೆ ಬರುವುದು ರಾತ್ರಿ ಎರಡು ಗಂಟೆಗೆ ಮಗ್ಗುಲು ಬದಲಿಸಿ ಬೆನ್ನಿಗೆ ಪೌಡರ್ ಹಾಕುವಾಗ, ಇಲ್ಲವೇ ಬೆಳಿಗ್ಗೆ ಬಿಸಿನೀರಿನ ಬಟ್ಟೆಯಲ್ಲಿ ಮೈ ಒರೆಸುವಾಗ: ‘ಸಿಸ್ಟರ್, ನನಗೆ ಆಗಿದ್ದಾದರೂ ಎಂತದು?’ ಆ ಹೊತ್ತಿನಲ್ಲಿ ಹತ್ತಿರ ಇರುವವಳು ನರ್ಸ್ ಒಬ್ಬಳೇ. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ, ಘಟ್ಟದ ಮೇಲೆ ಶಿರಸಿಯ ಕಡೆಯಲ್ಲಿ, ಆಸ್ಪತ್ರೆ, ವೃದ್ಧಾಶ್ರಮ ಅಥವಾ ಮನೆಗಳಲ್ಲಿ ಹಿರಿಯರ ಆರೈಕೆ ಮಾಡುತ್ತಿರುವ ಸಹೋದ್ಯೋಗಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ, ಹೊಟ್ಟೆಯ ಕ್ಯಾನ್ಸರ್ ಆಗಿದ್ದ ಅಜ್ಜರೊಬ್ಬರು ಈ ಪ್ರಶ್ನೆಯನ್ನು ನನ್ನಲ್ಲಿ ಕೇಳಿದ್ದರು. ಹೇಳಬಾರದೆಂದು ಅವರ ಮನೆಯವರು ಮೊದಲೇ ಎಚ್ಚರಿಸಿದ್ದರಿಂದ ‘ಗ್ಯಾಸ್ ಅಷ್ಟೇ ಅಜ್ಜ’ ಎಂದೆ. ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು, ‘ಅಡ್ಡಿಲ್ಲ’ ಎಂದರು, ಗೋಡೆಯ ಕಡೆ ತಿರುಗಿ ಮಲಗಿದರು. ಆಮೇಲೆ ಬದುಕಿದ್ದ ಹನ್ನೊಂದು ದಿನ ಅವರು ಯಾರನ್ನೂ ಏನನ್ನೂ ಕೇಳಲಿಲ್ಲ. ಬಾಯಾರಿದರೆ ನೀರನ್ನು ಕೂಡ ಕೇಳಲಿಲ್ಲ. ನನ್ನ ಸುಳ್ಳು ಅವರ ಧೈರ್ಯವನ್ನು ಉಳಿಸಲಿಲ್ಲ. ನಮ್ಮಲ್ಲಿ ಮಾತನಾಡುವುದು ವ್ಯರ್ಥ ಎಂಬುದನ್ನಷ್ಟೇ ಅವರಿಗೆ ತಿಳಿಸಿತು.

ಸುಳ್ಳು ಹೇಳುವುದು ಬೇರೆ, ಎಲ್ಲವನ್ನೂ ಈಗಲೇ ಹೇಳದಿರುವುದು ಬೇರೆ ಎಂಬುದನ್ನು ಮನಸ್ಸಿನಲ್ಲಿ ಸ್ಪಷ್ಟ ಮಾಡಿಕೊಂಡರೆ ಈ ಕೆಲಸದ ಅರ್ಧ ತೊಡಕು ಬಿಡಿಸಿದಂತೆ. ಕೇಳದೆ ಇರುವವರ ಮೇಲೆ ಸತ್ಯವನ್ನು ಹೇರಬೇಕಾಗಿಲ್ಲ. ಕೇಳಿದವರಿಗೆ ಸುಳ್ಳು ಹೇಳಬಾರದು. ರೋಗದ ಹೆಸರನ್ನು ಮೊದಲ ಬಾರಿ ತಿಳಿಸುವ ಹೊಣೆ ವೈದ್ಯರದ್ದು. ಆ ಮಾತಿಗೆ ದಾರಿ ಮಾಡುವುದು, ಮಾತು ಮುಗಿದ ಮೇಲೆ ಜೊತೆಗೆ ಕೂರುವುದು ನಮ್ಮದು.

ಮಕ್ಕಳು ‘ಹೇಳಬೇಡಿ’ ಎಂದಾಗ

ನಮ್ಮ ಜಿಲ್ಲೆಯಲ್ಲಿ ಅತಿ ಹೆಚ್ಚು ಎದುರಾಗುವ ಸಂದರ್ಭ ಇದು. ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಬಂದ ಮಗ ಬಾಗಿಲ ಹೊರಗೆ ನಿಮ್ಮನ್ನು ಕರೆದು, ‘ಸಿಸ್ಟರ್, ಅಪ್ಪನಿಗೆ ಮಾತ್ರ ಗೊತ್ತಾಗಬಾರದು, ಅವರು ಎದೆ ಒಡೆದುಕೊಳ್ತಾರೆ’ ಎನ್ನುತ್ತಾನೆ. ಅವನ ಮೇಲೆ ಸಿಟ್ಟಾಗಬೇಡಿ, ಕಾನೂನನ್ನೂ ಮುಂದೆ ಹಿಡಿಯಬೇಡಿ. ‘ಗೊತ್ತಾದರೆ ಏನಾಗಬಹುದು ಅಂತ ನಿಮಗೆ ಹೆದರಿಕೆ?’ ಎಂದು ಮೊದಲು ಕೇಳಿ. ಊಟ ಬಿಡುತ್ತಾರೆ, ಜೀವಕ್ಕೆ ಏನಾದರೂ ಮಾಡಿಕೊಳ್ಳುತ್ತಾರೆ, ಖರ್ಚಿಗೆ ಹೆದರಿ ಚಿಕಿತ್ಸೆ ಬೇಡವೆನ್ನುತ್ತಾರೆ ಎಂಬಂಥ ನಿಜವಾದ ಭಯ ಆಗ ಹೊರಗೆ ಬರುತ್ತದೆ. ಅದನ್ನು ಪೂರ್ತಿ ಕೇಳಿಸಿಕೊಂಡ ಮೇಲೆ ನಿಮ್ಮ ನಿಲುವನ್ನು ಒಂದೇ ಮಾತಿನಲ್ಲಿ ತಿಳಿಸಿ: ‘ನಾನಾಗಿ ಹೋಗಿ ಹೇಳುವುದಿಲ್ಲ. ಆದರೆ ಅವರೇ ಕೇಳಿದರೆ ಸುಳ್ಳು ಹೇಳಲು ನನ್ನಿಂದ ಆಗುವುದಿಲ್ಲ.’ ಮೊದಲ ದಿನವೇ ಇಷ್ಟನ್ನು ಹೇಳಿಬಿಟ್ಟರೆ ಮುಂದಿನ ಮನಸ್ತಾಪ ತಪ್ಪುತ್ತದೆ.

ಅಪ್ಪನಿಗೆ ಈಗಾಗಲೇ ಎಷ್ಟು ತಿಳಿದಿದೆ ಎಂಬುದನ್ನು ಮನೆಯವರು ಲೆಕ್ಕ ಹಾಕಿರುವುದಿಲ್ಲ. ಇಲ್ಲಿಂದ ದೊಡ್ಡ ಚಿಕಿತ್ಸೆಗೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾದ ಬಾಂಬೋಳಿಗೋ ಹೋಗಬೇಕು. ಗಂಟೆಗಟ್ಟಲೆ ಕಾರಿನಲ್ಲಿ ಕೂತು ಹೋದವರು ಆಸ್ಪತ್ರೆಯ ಬಾಗಿಲ ಮೇಲಿನ ಬೋರ್ಡನ್ನು ಓದದೆ ಇರುತ್ತಾರೆಯೇ? ತಲೆಗೂದಲು ದಿಂಬಿನ ಮೇಲೆ ಉದುರುವುದನ್ನು, ವರ್ಷಕ್ಕೊಮ್ಮೆ ಬರುತ್ತಿದ್ದ ಮಗ ತಿಂಗಳಲ್ಲಿ ಮೂರು ಸಲ ಬಂದದ್ದನ್ನು ಅವರು ನೋಡುತ್ತಿರುತ್ತಾರೆ. ಹೆಚ್ಚಿನ ಮನೆಗಳಲ್ಲಿ ಅಪ್ಪ ಮಕ್ಕಳ ಮುಂದೆ, ಮಕ್ಕಳು ಅಪ್ಪನ ಮುಂದೆ ಏನೂ ತಿಳಿಯದವರಂತೆ ಇದ್ದು ಇಬ್ಬರೂ ಒಂಟಿಯಾಗಿ ಅಳುತ್ತಿರುತ್ತಾರೆ.

ಇನ್ನೊಂದು ಸಂಗತಿಯನ್ನೂ ಮನೆಯವರಿಗೆ ತಿಳಿಸಿ. ಶಿರಸಿಯ ಮಾರಿಕಾಂಬಾ ಜಾತ್ರೆ ನಡೆಯುವುದು ಎರಡು ವರ್ಷಕ್ಕೊಮ್ಮೆ. ಒಬ್ಬ ಹಿರಿಯರು ಆ ವರ್ಷದ ಜಾತ್ರೆಗೆ ಹೋಗಬೇಕೆಂದು ಹಟ ಹಿಡಿದಾಗ, ‘ಈ ಸಲ ಬಿಸಿಲು ಜಾಸ್ತಿ, ಮುಂದಿನ ಜಾತ್ರೆಗೆ ಖಂಡಿತ ಕರಕೊಂಡು ಹೋಗ್ತೇವೆ’ ಎಂದು ಮನೆಯವರು ಸಮಾಧಾನ ಮಾಡಿದ್ದರು. ಅವರಿಗೆ ಉಳಿದಿದ್ದ ಕಾಲ ಕೆಲವೇ ತಿಂಗಳು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಅವರೊಬ್ಬರಿಗೆ ಬಿಟ್ಟು. ತಿಳಿದಿದ್ದರೆ ಗಾಲಿ ಕುರ್ಚಿಯಲ್ಲಾದರೂ ದೇವಿಯ ಗದ್ದುಗೆಯವರೆಗೆ ಹೋಗಿಬರುತ್ತಿದ್ದರು. ತೋಟದ ಪಾಲು, ಕೊಟ್ಟ ಸಾಲ, ಮಾತು ಬಿಟ್ಟ ತಮ್ಮ, ಗೋಕರ್ಣಕ್ಕೆ ಒಮ್ಮೆ ಹೋಗಿಬರುವ ಆಸೆ, ಇವೆಲ್ಲಕ್ಕೂ ಮನುಷ್ಯನಿಗೆ ತನ್ನ ಬಳಿ ಎಷ್ಟು ಸಮಯವಿದೆ ಎಂಬ ಅಂದಾಜು ಬೇಕು.

ಕಾನೂನು ಮತ್ತು ವೃತ್ತಿನೀತಿ ಈ ವಿಷಯದಲ್ಲಿ ಏನು ಹೇಳುತ್ತವೆ ಎಂಬುದು ನಿಮಗೆ ತಿಳಿದಿರಬೇಕು. ರೋಗದ ಗಂಭೀರತೆಯನ್ನು ವೈದ್ಯರು ಹಿಗ್ಗಿಸಿಯೂ ಹೇಳಬಾರದು, ಕುಗ್ಗಿಸಿಯೂ ಹೇಳಬಾರದು ಎಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಡತೆ ನಿಯಮಗಳು ಹೇಳುತ್ತವೆ. ತಪಾಸಣೆಗೆಂದು ಅರಿವಳಿಕೆ ಕೊಟ್ಟಿದ್ದ ಮಹಿಳೆಯೊಬ್ಬರ ಗರ್ಭಕೋಶವನ್ನು, ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆದ ಪ್ರಕರಣದಲ್ಲಿ, ತುರ್ತು ಇಲ್ಲದಿರುವಾಗ ವಯಸ್ಕ ರೋಗಿಯ ಬದಲಿಗೆ ಬಂಧುಗಳು ಕೊಟ್ಟ ಒಪ್ಪಿಗೆ ಸಲ್ಲದು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ತೀರ್ಪಿತ್ತಿತು. ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡುವ ಹಕ್ಕನ್ನು ಅದೇ ನ್ಯಾಯಾಲಯ 2018ರಲ್ಲಿ ಎತ್ತಿಹಿಡಿಯಿತು. 2023ರಲ್ಲಿ ವಿಧಾನವನ್ನು ಸರಳಗೊಳಿಸಿದ್ದರಿಂದ ಈಗ ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಇದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿದೆ. ತನಗೆ ಏನಾಗಿದೆ ಎಂದೇ ತಿಳಿಯದವರು ಇಂಥ ಪತ್ರದಲ್ಲಿ ಏನನ್ನು ಬರೆದಾರು?

ಹಾಗಿದ್ದೂ ಕೆಲವು ಹಿರಿಯರು ಮನಃಪೂರ್ವಕವಾಗಿಯೇ ‘ನನಗೆ ಬೇಡ, ಎಲ್ಲ ಮಗಳಿಗೆ ಹೇಳಿ’ ಎನ್ನುತ್ತಾರೆ. ತಿಳಿಯದಿರುವುದೂ ಅವರ ಹಕ್ಕೇ. ಆದರೆ ಆ ಮಾತು ಅವರ ಬಾಯಿಂದಲೇ ಬಂದಿರಬೇಕು, ಕೇಸ್ ಶೀಟ್‌ನಲ್ಲಿ ದಿನಾಂಕದೊಂದಿಗೆ ದಾಖಲಾಗಬೇಕು, ಮತ್ತು ಕೆಲವು ದಿನಗಳ ನಂತರ ಇನ್ನೊಮ್ಮೆ ಕೇಳಬೇಕು. ಇಲ್ಲಿ ಭಾಷೆಯದೂ ಒಂದು ತೊಡಕಿದೆ. ಕಾರವಾರದ ಕಡೆಯ ಅನೇಕ ಅಜ್ಜಿಯರಿಗೆ ಮನಸ್ಸು ಬಿಚ್ಚಿ ಮಾತನಾಡಲು ಬರುವುದು ಕೊಂಕಣಿಯಲ್ಲಿ, ಭಟ್ಕಳದಲ್ಲಿ ಕೆಲವರಿಗೆ ನವಾಯತಿಯಲ್ಲಿ. ಮನೆಯವರನ್ನೇ ನಡುವೆ ಇಟ್ಟುಕೊಂಡು ಮಾತನಾಡಿಸಿದರೆ ವೈದ್ಯರು ಹೇಳಿದ ಹತ್ತು ವಾಕ್ಯಗಳು ‘ಎಲ್ಲ ಸರಿ ಆಗ್ತದಂತೆ’ ಎಂಬ ಒಂದು ವಾಕ್ಯವಾಗಿ ಅಜ್ಜಿಯನ್ನು ತಲುಪುತ್ತವೆ. ಆ ಭಾಷೆ ಬಲ್ಲ ಸಿಬ್ಬಂದಿಯನ್ನು ಕರೆದು ಕೂರಿಸಿಕೊಳ್ಳಿ.

ರಾತ್ರಿಯ ಆ ಪ್ರಶ್ನೆಗೆ

ಮೊದಲು ಕೈಯಲ್ಲಿರುವ ಕೆಲಸವನ್ನು ಕೆಳಗಿಟ್ಟು, ಅವರ ಕಣ್ಣಿನ ಮಟ್ಟಕ್ಕೆ ಬರುವಂತೆ ಸ್ಟೂಲ್ ಎಳೆದು ಕುಳಿತುಕೊಳ್ಳಿ. ‘ನಿಮಗೆ ಏನು ಅನಿಸ್ತಾ ಇದೆ ಅಜ್ಜ?’ ಎಂದು ಕೇಳಿ ಸುಮ್ಮನಿರಿ. ಈ ಮೌನವನ್ನು ತಾಳಿಕೊಳ್ಳುವುದೇ ಹೊಸಬರಿಗೆ ಅತಿ ಕಷ್ಟದ್ದು. ತಡೆಯಲಾರದೆ ‘ಹಾಗೆಲ್ಲ ಯೋಚಿಸಬಾರದು, ಮಲಗಿ’ ಎಂದುಬಿಡುತ್ತಾರೆ, ಬಾಗಿಲು ಅಲ್ಲಿಗೇ ಮುಚ್ಚುತ್ತದೆ. ಹೆಚ್ಚಿನವರು ತಾವೇ ಮುಂದುವರಿದು ‘ಇದು ಆ ದೊಡ್ಡ ಕಾಯಿಲೆಯೇ ಅಂತ ನನಗೆ ಸಂಶಯ’ ಎನ್ನುತ್ತಾರೆ. ಆಗ ಅಲ್ಲಗಳೆಯಬೇಡಿ. ‘ಈ ಮಾತನ್ನು ಒಳಗೇ ಇಟ್ಟುಕೊಂಡು ತುಂಬ ದಿನ ಕಳೆದಿದ್ದೀರಿ ಅನಿಸ್ತದೆ. ಪೂರ್ತಿ ವಿವರ ಡಾಕ್ಟರ್ ಹೇಳಬೇಕು. ನಾಳೆ ಅವರು ಬಂದಾಗ ನಾನು ನಿಮ್ಮ ಪಕ್ಕದಲ್ಲೇ ನಿಂತಿರ್ತೇನೆ, ಇಬ್ಬರೂ ಸೇರಿ ಕೇಳೋಣ’ ಎನ್ನಿ. ಹೇಳಿದ ಮೇಲೆ ಡ್ಯೂಟಿ ಮುಗಿದಿದ್ದರೂ ನಿಲ್ಲಿ. ನಿಲ್ಲಲು ಆಗದಿದ್ದರೆ ಯಾರು ನಿಲ್ಲುತ್ತಾರೆ ಎಂದು ಅವರಿಗೆ ತಿಳಿಸಿ ಹೋಗಿ. ಎಷ್ಟು ದಿನ ಬದುಕುತ್ತೇನೆ ಎಂದು ಕೇಳಿದರೆ ತಿಂಗಳುಗಳ ಲೆಕ್ಕ ಕೊಡುವುದು ಬೇಡ. ‘ಯಾವುದಾದರೂ ಕೆಲಸ ಬಾಕಿ ಇದೆಯಾ, ಯಾರನ್ನಾದರೂ ನೋಡಬೇಕಾ?’ ಎಂದು ಕೇಳಿದರೆ ಆ ಪ್ರಶ್ನೆಯ ಹಿಂದಿರುವುದು ಏನೆಂದು ತಿಳಿಯುತ್ತದೆ.

ಮರೆವಿನವರ ವಿಷಯದಲ್ಲಿ

ಡಿಮೆನ್ಷಿಯಾ ಇರುವವರೊಂದಿಗೆ ಸತ್ಯದ ನಡೆ ಬೇರೆಯಾಗುತ್ತದೆ. ಒಬ್ಬ ಅಜ್ಜಿ ದಿನವೂ ಮುಸ್ಸಂಜೆ ದೀಪ ಹಚ್ಚುವ ಹೊತ್ತಿಗೆ ಬಾಗಿಲಿಗೆ ಬಂದು, ‘ಇವರು ತೋಟದಿಂದ ಬಂದ್ರಾ ತಂಗಿ?’ ಎಂದು ಕೇಳುತ್ತಿದ್ದರು. ಗಂಡ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಹೊಸದಾಗಿ ಬಂದ ಹುಡುಗಿಯೊಬ್ಬಳು ಸತ್ಯವೇ ಹೇಳಬೇಕೆಂದುಕೊಂಡು ‘ಅವರು ತೀರಿಹೋಗಿದ್ದಾರಲ್ಲ ಅಜ್ಜಿ’ ಎಂದಳು. ಅಜ್ಜಿಯ ಕೈ ಕೊರಳಿಗೆ ಹೋಯಿತು, ಬೆರಳುಗಳು ಕರಿಮಣಿಗಾಗಿ ತಡಕಾಡಿದವು, ಸಿಗಲಿಲ್ಲ. ಸುದ್ದಿ ಅದೇ ಕ್ಷಣ ಬಂದಂತೆ ಅವರು ಅತ್ತರು. ಮರುದಿನ ಸಂಜೆ ದುಃಖದ ಕಾರಣ ಮರೆತುಹೋಗಿತ್ತು, ಪ್ರಶ್ನೆ ಹಾಗೆಯೇ ಇತ್ತು. ನೆನಪಿನಲ್ಲಿ ನಿಲ್ಲದ ಸಾವನ್ನು ದಿನವೂ ತಿಳಿಸುವುದರಿಂದ ಅವರಿಗೆ ದೊರೆಯುವುದು ನೋವು ಮಾತ್ರ.

ಹಾಗೆಂದು ‘ಈಗ ಬರ್ತಾರೆ’ ಎನ್ನುವುದೂ ಸರಿಯಲ್ಲ. ಅಜ್ಜಿ ರಾತ್ರಿಯಿಡೀ ಬಾಗಿಲಲ್ಲಿ ಕಾಯುತ್ತಾರೆ. ಪ್ರಶ್ನೆಯ ಒಳಗಿರುವ ಭಾವಕ್ಕೆ ಉತ್ತರ ಕೊಡಿ: ‘ಅವರ ನೆನಪು ಬಂತಾ ಅಜ್ಜಿ? ತೋಟದಿಂದ ಬಂದ ಕೂಡಲೇ ಅವರಿಗೆ ಎಂತ ಬೇಕಾಗ್ತಿತ್ತು?’ ಆ ಅಜ್ಜಿ ಬೆಲ್ಲದ ಪಾನಕದ ವಿಷಯ ಹೇಳಲು ಶುರು ಮಾಡಿ ಒಳಗೆ ಬಂದು ಕೂರುತ್ತಿದ್ದರು. ಜೊತೆಗೆ ಹಸಿವು, ಮೂತ್ರದ ಅವಸರ, ನೋವು, ಕತ್ತಲೆಯ ಭಯ ಇವುಗಳನ್ನೂ ಗಮನಿಸಿ, ಏಕೆಂದರೆ ಸಂಜೆಯ ಚಡಪಡಿಕೆ ಅನೇಕ ಸಲ ಇವುಗಳಿಂದಲೇ ಹೆಚ್ಚುತ್ತದೆ. ಗೊಂದಲ ಒಂದೆರಡು ದಿನಗಳಲ್ಲಿ ದಿಢೀರನೆ ಹೆಚ್ಚಿದ್ದರೆ ಅದನ್ನು ಮರೆವು ಎಂದುಕೊಳ್ಳದೆ, ಸೋಂಕು ಇರಬಹುದೇ ಎಂದು ವೈದ್ಯರಿಗೆ ತಿಳಿಸಿ.

ಎರಡು ಎಚ್ಚರಿಕೆಗಳಿವೆ. ಮನಸ್ಸು ತಿಳಿಯಾಗಿರುವ ಗಳಿಗೆಯಲ್ಲಿ ಅವರು ಕಣ್ಣಲ್ಲಿ ಕಣ್ಣಿಟ್ಟು ‘ಅವರು ಹೋಗಿಬಿಟ್ರು ಅಲ್ವಾ?’ ಎಂದು ಕೇಳಿದರೆ ‘ಹೌದು ಅಜ್ಜಿ’ ಎಂದು ಹೇಳಿ ಕೈ ಹಿಡಿದುಕೊಳ್ಳಿ. ಹತ್ತಿರದವರು ಈಗಷ್ಟೇ ತೀರಿಕೊಂಡಿದ್ದರೆ, ಮರೆವು ಇದ್ದರೂ ಒಮ್ಮೆ ತಿಳಿಸುವುದು ಒಳ್ಳೆಯದು. ಇನ್ನೊಂದು, ಹಗಲಿನವರು ಒಂದು ಉತ್ತರ, ರಾತ್ರಿಯವರು ಇನ್ನೊಂದು ಉತ್ತರ ಕೊಟ್ಟರೆ ಅಜ್ಜಿಗೆ ಯಾರ ಮೇಲೂ ನಂಬಿಕೆ ಉಳಿಯುವುದಿಲ್ಲ. ಯಾವ ಪ್ರಶ್ನೆಗೆ ಯಾವ ಮಾತು ಸಮಾಧಾನ ತಂದಿತು ಎಂಬುದನ್ನು ಡ್ಯೂಟಿ ಬದಲಾಗುವಾಗಿನ ಪುಸ್ತಕದಲ್ಲಿ ಅವರದೇ ಶಬ್ದಗಳಲ್ಲಿ ಬರೆದಿಡಿ.

ಗಂಜಿಯಲ್ಲಿ ಬೆರೆಸಿದ ಮಾತ್ರೆ

ಮಾತ್ರೆ ಬೇಡವೆನ್ನುವವರಿಗೆ ಅದನ್ನು ಪುಡಿ ಮಾಡಿ ಗಂಜಿಯಲ್ಲಿ ಬೆರೆಸಿ ಕೊಡುವುದು ಮಾತಿಲ್ಲದ ಸುಳ್ಳು. ಅದರಲ್ಲಿ ಅಪಾಯವೂ ಇದೆ: ಹೆಸರಿನ ಕೊನೆಯಲ್ಲಿ ಎಸ್‌ಆರ್, ಇಆರ್, ಎಕ್ಸ್‌ಆರ್ ಎಂದಿರುವ ಮಾತ್ರೆಗಳು ನಿಧಾನವಾಗಿ ಕರಗಲೆಂದೇ ತಯಾರಾದವು, ಪುಡಿ ಮಾಡಿದರೆ ದಿನವಿಡೀ ಇಳಿಯಬೇಕಾದ ಔಷಧ ಒಮ್ಮೆಲೇ ರಕ್ತಕ್ಕೆ ಸೇರುತ್ತದೆ. ಬೇಡವೆನ್ನಲು ಕಾರಣವೇನೆಂದು ಕೇಳಿ. ಮೀನುಗಾರಿಕೆ ಮಾಡುತ್ತಿದ್ದ ಅಜ್ಜರೊಬ್ಬರ ದಿಂಬಿನ ಕೆಳಗೆ ಹದಿನಾಲ್ಕು ಮಾತ್ರೆ ಸಿಕ್ಕಿದ್ದವು, ಎಲ್ಲವೂ ಮೂತ್ರ ಹೆಚ್ಚಿಸುವ ಒಂದೇ ಬಗೆಯ ಮಾತ್ರೆ. ಅದನ್ನು ಸಂಜೆ ಕೊಡುತ್ತಿದ್ದರಿಂದ ಮಳೆಯ ರಾತ್ರಿಯಲ್ಲಿ ಅಂಗಳ ದಾಟಿ ಪಾಯಖಾನೆಗೆ ಹೋಗಲು ಅವರು ಹೆದರುತ್ತಿದ್ದರು. ವೈದ್ಯರು ಬೆಳಿಗ್ಗೆಗೆ ಬದಲಾಯಿಸಿದ ಮೇಲೆ ತಾವೇ ಕೇಳಿ ತೆಗೆದುಕೊಂಡರು. ನಿರ್ಧರಿಸುವ ಶಕ್ತಿಯೇ ಇಲ್ಲದವರಿಗೆ ಬೆರೆಸಿ ಕೊಡಲೇಬೇಕಾದರೆ ಅದು ವೈದ್ಯರ ಲಿಖಿತ ಸೂಚನೆಯ ಮೇಲೆ, ಮನೆಯವರಿಗೆ ತಿಳಿಸಿ, ಆಗಾಗ ಮರುಪರಿಶೀಲಿಸುತ್ತಾ ನಡೆಯಬೇಕು.

ತಪ್ಪಾಗಿ ಬೇರೆಯವರ ಮಾತ್ರೆ ಕೊಟ್ಟಿದ್ದರೆ, ಹಿರಿಯರು ಬಿದ್ದಿದ್ದರೆ, ಮೊದಲು ಅವರನ್ನು ನೋಡಿಕೊಳ್ಳಿ, ವೈದ್ಯರಿಗೆ ತಿಳಿಸಿ; ಅದೇ ದಿನ ಅವರಿಗೂ ಮನೆಯವರಿಗೂ ನಡೆದದ್ದನ್ನು ನಡೆದಂತೆ ಹೇಳಿ ಕ್ಷಮೆ ಕೇಳಿ.

‘ಎರಡು ದಿನಕ್ಕೆ’ ಎಂದು ಕರೆತಂದವರು

ತಪಾಸಣೆಗೆ ಎಂದು ಹೇಳಿ ಅಮ್ಮನನ್ನು ವೃದ್ಧಾಶ್ರಮಕ್ಕೆ ಕರೆತಂದು, ಅವರು ಮಲಗಿದ್ದಾಗ ಹೊರಟುಬಿಡುವ ಮಕ್ಕಳಿದ್ದಾರೆ. ‘ಮಾಣಿ ಯಾವಾಗ ಬರ್ತಾನೆ?’ ಎಂಬ ಪ್ರಶ್ನೆಗೆ ಉತ್ತರ ಕೊಡುವ ಪಾಡು ಆಮೇಲೆ ನಮ್ಮದಾಗುತ್ತದೆ. ದಾಖಲಾತಿಯ ದಿನವೇ, ಅಮ್ಮನ ಎದುರು ಕೂತು ಮಕ್ಕಳೇ ವಿಷಯ ತಿಳಿಸಲಿ ಎಂದು ಒತ್ತಾಯಿಸಿ. ಸಾಧ್ಯವಿದ್ದರೆ ಮೊದಲು ಹದಿನೈದು ದಿನ ಇದ್ದು ನೋಡುವ ಏರ್ಪಾಟು ಮಾಡಿ. ನಿಮ್ಮಲ್ಲೇ ಕೇಳಿದರೆ ‘ನಾಳೆ’ ಎನ್ನಬೇಡಿ. ‘ನನಗೆ ತಿಳಿಸಿಲ್ಲ ಅಮ್ಮ, ಈಗಲೇ ಫೋನ್ ಮಾಡೋಣ’ ಎಂದು ಅವರೆದುರೇ ಫೋನ್ ಮಾಡಿ. ಪೂರ್ತಿ ಕೈಬಿಟ್ಟಿರುವುದು ಖಚಿತವಾದರೆ 14567 ಹಿರಿಯರ ಸಹಾಯವಾಣಿಗೆ ಕರೆ ಮಾಡಿ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯಂತೆ ಹಿರಿಯರನ್ನು ತೊರೆಯುವುದು ಶಿಕ್ಷಾರ್ಹ ಅಪರಾಧ.

ಕೊನೆಯದಾಗಿ, ಪಕ್ಕದ ಮಂಚದವರು ತೀರಿಕೊಂಡ ರಾತ್ರಿಯ ಬಗ್ಗೆ. ಪರದೆ ಎಳೆದು, ಬೆಳಗಾಗುವ ಮೊದಲೇ ಹಾಸಿಗೆ ತೆಗೆದು, ಕೇಳಿದವರಿಗೆ ‘ಆಸ್ಪತ್ರೆಗೆ ಕಳಿಸಿದ್ದೇವೆ’ ಎನ್ನುವುದು ಬಹಳ ಕಡೆ ರೂಢಿಯಲ್ಲಿದೆ. ಖಾಲಿ ಮಂಚ ನೋಡಿದ ಉಳಿದವರು, ನಾಳೆ ತಮ್ಮ ವಿಷಯದಲ್ಲೂ ಇಷ್ಟೇ ಎಂದು ತಿಳಿದುಕೊಳ್ಳುತ್ತಾರೆ. ನಾನು ಈಗ ಕೆಲಸ ಮಾಡುವಲ್ಲಿ ಬೆಳಗಿನ ಚಹಾಕ್ಕೆ ಮೊದಲು ಪ್ರತಿಯೊಬ್ಬರ ಹತ್ತಿರ ಹೋಗಿ ಹೆಸರು ಹಿಡಿದು ತಿಳಿಸುತ್ತೇವೆ, ಗಾಡಿ ಹೊರಡುವಾಗ ಬರಬೇಕೆನ್ನುವವರನ್ನು ಬಾಗಿಲವರೆಗೆ ಕೈ ಹಿಡಿದು ಕರೆತರುತ್ತೇವೆ. ಕಳೆದ ಮಳೆಗಾಲದಲ್ಲಿ ಹಾಗೆ ಬಂದು ನಿಂತ ಅಜ್ಜರೊಬ್ಬರು ಹೂವು ಹಾಕಿ ಒಳಗೆ ಹಿಂತಿರುಗಿ, ‘ನನ್ನದಾದಾಗಲೂ ಹೀಗೆಯೇ ಎಲ್ಲರಿಗೂ ಹೇಳಿ ಸಿಸ್ಟರ್’ ಎಂದು ಹೇಳಿ ಚಹಾ ಕುಡಿಯಲು ಕುಳಿತರು.