ಕ್ಷೌರದ ಕತ್ತಿ ಕೊಳ್ಳುವಾಗ ಮೊದಲು ಬೆನ್ನು ನೋಡಿ

ಹುಬ್ಬಳ್ಳಿಯ ಗದಗ ರೋಡಿನ ರೈಲ್ವೆ ವರ್ಕ್‌ಶಾಪಿನಲ್ಲಿ 31 ವರ್ಷ ಫಿಟ್ಟರ್ ಆಗಿದ್ದೆ. ರಿಟೈರ್ ಆದಮೇಲೆ ಕೆಲವರಿಗೆ ವಾಕಿಂಗ್ ಹುಚ್ಚು, ಕೆಲವರಿಗೆ ಮಠದ ಹುಚ್ಚು. ನನಗೆ ಹಿಡಿದದ್ದು ಮಡಚುವ ಕತ್ತಿಯಲ್ಲಿ ದಾಡಿ ಮಾಡಿಕೊಳ್ಳುವ ಹುಚ್ಚು. ಈಗ ಓಣಿಯ ಹುಡುಗರು ಯಾರಾದರೂ ಇಂಥ ಕತ್ತಿ ತರಿಸಿದರೆ, ಪ್ಯಾಕೆಟ್ ಬಿಚ್ಚಿ ಮೊದಲು ನನ್ನ ಹತ್ತಿರ ತರುತ್ತಾರೆ. ಹತ್ತರಲ್ಲಿ ಆರೇಳು ವಾಪಸ್ ಕಳಿಸಿ ಅಂತಲೇ ಹೇಳುತ್ತೇನೆ.

ನಾನು ಹೇಳುತ್ತಿರುವುದು ಸಲೂನಿನ ಬ್ಲೇಡ್ ಹಾಕುವ ಉಸ್ತರಾ ಬಗ್ಗೆ ಅಲ್ಲ. ಅದರಲ್ಲಿ ಅರ್ಧ ಬ್ಲೇಡ್ ಸಿಗಿಸುತ್ತಾರೆ, ಮುಂದಿನ ಗಿರಾಕಿ ಬಂದಾಗ ಅದನ್ನು ಎಸೆದು ಬೇರೆ ಹಾಕುತ್ತಾರೆ. ಅದನ್ನು ಆರಿಸೋದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ನಾನು ಹೇಳೋದು ಅಲಗಿಗೇ ಬಾಯಿ (ಹರಿತದ ಅಂಚು) ಇರುವ, ಸಾಣೆಕಲ್ಲಿಗೆ ಹಿಡಿದು ಮಸೆಯುವ ಹಳೇ ಪದ್ಧತಿಯ ಕತ್ತಿ.

ನನ್ನ ಮೊದಲ ಕತ್ತಿ 900 ರೂಪಾಯಿಯದು. ಆನ್‌ಲೈನ್‌ನಲ್ಲಿ ತರಿಸಿದ್ದೆ. ಕನ್ನಡಿಯ ಹಾಗೆ ಹೊಳಪು, ಹಿಡಿಕೆಗೆ ಹಿತ್ತಾಳೆಯ ಹೂವು. ಮೂರು ಸಂಜೆ ಕಲ್ಲಿಗೆ ಹಾಕಿ ಉಜ್ಜಿದೆ. ನಡುವೆ ಹರಿತ ಬಂತು, ಎರಡು ತುದಿಗೂ ಬರಲಿಲ್ಲ. ಹಳೇ ಹುಬ್ಬಳ್ಳಿಯಲ್ಲಿ ನಮ್ಮ ಓಣಿಯ ಕ್ಷೌರದಂಗಡಿ ಕಾಕಾಗೆ ಒಯ್ದು ಕೊಟ್ಟೆ. ಅವರು ಹರಿತ ನೋಡಲೇ ಇಲ್ಲ. ಬೆನ್ನಿನ ಕಡೆ, ಅಂದರೆ ಹರಿತವಿಲ್ಲದ ದಪ್ಪ ಅಂಚಿನ ಕಡೆ ತಿರುಗಿಸಿ, ಒಂದು ಕಣ್ಣು ಮುಚ್ಚಿ, ಬಂದೂಕು ಗುರಿಯಿಟ್ಟ ಹಾಗೆ ನೋಡಿದರು.

“ಸರ, ಎಷ್ಟು ಕೊಟ್ರಿ ಇದಕ್ಕ?”

“ಒಂಬೈನೂರು, ಕಾಕಾ.”

“ಇದು ಕತ್ತಿ ಅಲ್ರಿ. ತಗಡು. ಸೊಟ್ಟ ಐತಿ ನೋಡ್ರಿ.”

ನನಗೆ ನಾಚಿಕೆಯಾಯಿತು. ಜೀವನಪೂರ್ತಿ ನೂರರಲ್ಲೊಂದು ಮಿಲಿಮೀಟರ್ ನೋಡಿ ದುಡಿದವನು, ಹೊಳಪಿಗೆ ಮರುಳಾಗಿ ಬೆನ್ನು ನೋಡೋದನ್ನೇ ಮರೆತಿದ್ದೆ. ಹರಿತ ಇಲ್ಲದಿದ್ದರೆ ಬರಿಸಬಹುದು. ಸೊಟ್ಟಗಿದ್ದರೆ ಮನೆಯಲ್ಲಿ ಕೂತು ನೆಟ್ಟಗೆ ಮಾಡೋದಕ್ಕಾಗಲ್ಲ. ಹದ ಕೊಟ್ಟ ಉಕ್ಕು ಬಗ್ಗುವುದಿಲ್ಲ, ಮುರಿಯುತ್ತದೆ.

ಬೆನ್ನು ಯಾಕೆ ಮುಖ್ಯ? ಅಡುಗೆಮನೆ ಚಾಕು ಮಸೆಯುವಾಗ ಎಷ್ಟು ಓರೆ ಹಿಡಿಯಬೇಕು ಅನ್ನೋದನ್ನು ನಮ್ಮ ಕೈ ತೀರ್ಮಾನಿಸುತ್ತದೆ. ಕ್ಷೌರದ ಕತ್ತಿಯಲ್ಲಿ ಹಾಗಲ್ಲ. ಕಲ್ಲಿನ ಮೇಲೆ ಅದನ್ನು ಪೂರ್ತಿ ಮಲಗಿಸಬೇಕು. ಬೆನ್ನೂ ಬಾಯಿಯೂ ಒಟ್ಟಿಗೆ ಕಲ್ಲಿಗೆ ತಾಗಬೇಕು. ಬೆನ್ನಿನ ದಪ್ಪವೇ ಓರೆಯನ್ನು ಕಾಯುತ್ತದೆ. ಬೆನ್ನು ಸೊಟ್ಟಗಿದ್ದರೆ ಬಾಯಿಯೂ ಸೊಟ್ಟ. ನೀವೆಷ್ಟೇ ಉಜ್ಜಿ, ಒಂದು ಕಡೆ ಕಲ್ಲಿಗೆ ತಾಗೋದೇ ಇಲ್ಲ.

ಇದನ್ನು ಪರೀಕ್ಷೆ ಮಾಡೋದಕ್ಕೆ ಒಂದು ದಪ್ಪ ಗಾಜಿನ ತುಂಡು ಸಾಕು. ಗಾಜಿನಂಗಡಿಯಲ್ಲಿ ಕತ್ತರಿಸಿ ಉಳಿದದ್ದು ಕೇಳಿದರೆ ಕೊಡುತ್ತಾರೆ, 8 ಮಿಲಿಮೀಟರ್ ದಪ್ಪದ್ದಿದ್ದರೆ ಒಳ್ಳೆಯದು. ಗಾಜನ್ನು ಮೇಜಿನ ಮೇಲಿಡಿ. ಕತ್ತಿಯ ಅಲಗು ಮಾತ್ರ ಗಾಜಿನ ಮೇಲೆ ಬರಲಿ, ಬಾಲದ ಭಾಗ (ಅಲಗಿನಿಂದ ಹಿಡಿಕೆಯ ಕಡೆ ಹೋಗುವ ತುಂಡು) ಅಂಚಿನಿಂದ ಹೊರಗಿರಲಿ, ಹಿಡಿಕೆ ಕೆಳಗೆ ಜೋತಾಡದ ಹಾಗೆ ಕೈಯಲ್ಲಿ ಹಿಡಿದುಕೊಳ್ಳಿ. ಹಗುರಾಗಿ ಮಲಗಿಸಿ, ಎಳೆಯಬೇಡಿ. ಈಗ ಬೆನ್ನಿನ ಮೇಲೆ ಒಮ್ಮೆ ತುದಿಯ ಹತ್ತಿರ, ಒಮ್ಮೆ ಹಿಮ್ಮಡಿಯ (ಬಾಲದ ಕಡೆಯ ಅಲಗಿನ ಕೊನೆ) ಹತ್ತಿರ ಬೆರಳಿನಿಂದ ಮೆಲ್ಲಗೆ ಒತ್ತಿ. ಟಕ್ ಟಕ್ ಅಂತ ಕಾಲು ಮುರಿದ ಸ್ಟೂಲಿನ ಹಾಗೆ ಆಡಿದರೆ ಅಲಗು ಸೊಟ್ಟಗಿದೆ ಅಂತ ಅರ್ಥ. ಮಗ್ಗುಲು ಬದಲಿಸಿ ಮತ್ತೆ ನೋಡಿ. ಎರಡೂ ಮಗ್ಗುಲಿಗೆ ಆಡಿದರೆ ತಿರುಚಿಕೊಂಡಿದೆ, ಒಂದು ಮಗ್ಗುಲಿಗೆ ಆಡಿ ಇನ್ನೊಂದಕ್ಕೆ ಗಟ್ಟಿ ಕೂತರೆ ಬಾಳೆಹಣ್ಣಿನ ಹಾಗೆ ಬಾಗಿದೆ ಅಂತ. ಆಮೇಲೆ ಆಚೆ ಬದಿಯಿಂದ ಮೊಬೈಲ್ ಟಾರ್ಚ್ ಬಿಟ್ಟು, ಕಣ್ಣನ್ನು ಗಾಜಿನ ಮಟ್ಟಕ್ಕೆ ಇಳಿಸಿ ಬಾಯಿಯ ಕೆಳಗೆ ನೋಡಿ. ಕೂದಲೆಳೆಯಷ್ಟು ಬೆಳಕು ಒಂದೇ ಕಡೆ ನುಸುಳಿದರೂ ಗೊತ್ತಾಗುತ್ತದೆ. ಸ್ವಲ್ಪ ಆಡಿದರೆ ಪಳಗಿದ ಕೈಯವರು ಕಲ್ಲಿನ ಮೇಲೆ ಓರೆಯಾಗಿ ಎಳೆದು ಹೇಗೋ ಸಂಭಾಳಿಸುತ್ತಾರೆ. ಮೊದಲ ಕತ್ತಿ ಕೊಳ್ಳುವವರಿಗೆ ಆ ಉಸಾಬರಿ ಬೇಡ.

ಇನ್ನೊಂದು ಪರೀಕ್ಷೆಗೆ ಟ್ಯೂಬ್‌ಲೈಟ್ ಬೇಕು. ಅಲಗಿನ ಮಗ್ಗುಲಲ್ಲಿ ಅದರ ಪ್ರತಿಬಿಂಬ ಉದ್ದ ಗೆರೆಯಾಗಿ ಬೀಳುವ ಹಾಗೆ ಹಿಡಿದು, ಕತ್ತಿಯನ್ನು ನಿಧಾನ ತಿರುಗಿಸಿ. ಗೆರೆ ಬೆನ್ನಿನಿಂದ ಬಾಯಿಯ ಕಡೆ ನೀರು ಹರಿದ ಹಾಗೆ ಜಾರಬೇಕು. ಅಲ್ಲಲ್ಲಿ ಸೊಂಟ ಮುರಿದುಕೊಂಡರೆ, ಡೊಂಕಾದರೆ, ಸಾಣೆ ಚಕ್ರಕ್ಕೆ ಹಿಡಿದವನ ಕೈ ನಡುಗಿದೆ. ಒಂದು ಕಡೆ ದಪ್ಪ, ಒಂದು ಕಡೆ ತೆಳು. ನನ್ನ 900 ರೂಪಾಯಿಯದರಲ್ಲಿ ಆ ಗೆರೆ ನವಲಗುಂದದ ಹಳ್ಳದ ಹಾಗೆ ಹರಿದಿತ್ತು.

ವರ್ಕ್‌ಶಾಪಿನಲ್ಲಿ ಎರಡು ಮೈ ಸರಿಯಾಗಿ ಕೂಡುತ್ತವೋ ಇಲ್ಲವೋ ನೋಡಲು ಪ್ರಶಿಯನ್ ಬ್ಲೂ ಹಚ್ಚುತ್ತಿದ್ದೆವು. ಒಂದಕ್ಕೆ ತೆಳುವಾಗಿ ಹಚ್ಚಿ ಇನ್ನೊಂದರ ಮೇಲೆ ಉಜ್ಜಿದರೆ ಎಲ್ಲಿ ತಾಗಿದೆ, ಎಲ್ಲಿ ಇಲ್ಲ ಅಂತ ಬಣ್ಣವೇ ಹೇಳುತ್ತದೆ. ಕತ್ತಿಗೂ ಅದೇ ಉಪಾಯ, ಬಣ್ಣ ಮಾತ್ರ ಮಾರ್ಕರ್ ಪೆನ್ನಿನದು. ಬಾಯಿಯ ಉದ್ದಕ್ಕೂ, ಬೆನ್ನಿನ ಉದ್ದಕ್ಕೂ ಗೆರೆ ಎಳೆಯಿರಿ. ಒಣಗಲಿ. ನುಣುಪಾದ ಸಾಣೆಕಲ್ಲನ್ನು ನೀರಿನಲ್ಲಿ ತೋಯಿಸಿ, ಭಾರ ಹಾಕದೆ ಒಂದೇ ಸಲ ಎಳೆಯಿರಿ. ಬಣ್ಣ ಹೋದ ಕಡೆ ತಾಗಿದೆ, ಉಳಿದ ಕಡೆ ತಾಗಿಲ್ಲ. ಹಿಮ್ಮಡಿಯಲ್ಲಿ ಬಣ್ಣ ಹಾಗೇ ಉಳಿದಿದ್ದರೆ, ಬಾಲದ ಬುಡದಲ್ಲಿರುವ ಉಬ್ಬು ಬಾಯಿಗೆ ತೀರಾ ಹತ್ತಿರ ಬಂದು ಅಲಗನ್ನು ಎತ್ತಿ ಹಿಡಿದಿದೆಯಾ ನೋಡಿ. ಅಗ್ಗದ ಕತ್ತಿಗಳಲ್ಲಿ ಈ ದೋಷ ಬಹಳ.

ವರ್ನಿಯರ್ (ದಪ್ಪ ಅಳೆಯುವ ಕ್ಯಾಲಿಪರ್) ಇದ್ದವರು ಒಂದು ಲೆಕ್ಕ ಮಾಡಿ. ಬೆನ್ನಿನಿಂದ ಬಾಯಿಯವರೆಗಿನ ಅಲಗಿನ ಅಗಲವನ್ನು ಬೆನ್ನಿನ ದಪ್ಪದಿಂದ ಭಾಗಿಸಿ. ಮೂರರಿಂದ ನಾಲ್ಕರೊಳಗೆ ಬರಬೇಕು, ಮೂರೂವರೆ ಬಂದರೆ ಬಹಳ ಚಲೋ. ಅಗಲ 16 ಮಿಲಿಮೀಟರ್, ಬೆನ್ನು 4.5 ಇದ್ದರೆ ಬಾಯಿಯ ಕೋನ ಸುಮಾರು 16 ಡಿಗ್ರಿ. ನನ್ನ ತಗಡಿಗೆ ಅಗಲ 16, ಬೆನ್ನು 6 ಇತ್ತು. ಅಂದರೆ 21 ಡಿಗ್ರಿ ದಾಟಿತು. ಅದು ಕೂದಲು ಕತ್ತರಿಸಲ್ಲ, ಕೀಳುತ್ತದೆ. ಬೆನ್ನು ತೀರಾ ತೆಳುವಾದರೆ ಉಲ್ಟಾ ತೊಂದರೆ, ಬಾಯಿ ತಡೆಯದೆ ಉದುರುತ್ತದೆ.

ಆಮೇಲೆ ಬಾಯಿ ನೋಡಿ. ಸ್ಟೀಲ್ ಸ್ಕೇಲಿಗೆ ಎದುರಾಗಿ ಹಿಡಿದರೆ ಅದು ನೆಟ್ಟಗಿರಬೇಕು, ಇಲ್ಲವೇ ನಡುವೆ ಸ್ವಲ್ಪ ಉಬ್ಬಿರಬೇಕು. ಉಬ್ಬಿದ್ದರೆ ನಗುವ ಬಾಯಿ, ತೊಂದರೆ ಇಲ್ಲ. ನಡುವೆ ತಗ್ಗಿದ್ದರೆ ಮುನಿಸಿಕೊಂಡ ಬಾಯಿ, ಬೇಡ. ಬಲ್ಬಿನ ಕೆಳಗೆ ಬಾಯಿಯನ್ನು ಕಣ್ಣಿಗೆ ನೇರವಾಗಿ ತಿರುಗಿಸಿ. ಹರಿತವಾದ ಬಾಯಿ ಕಾಣುವುದೇ ಇಲ್ಲ. ಮಿಣುಕ್ ಅಂದ ಕಡೆಯೆಲ್ಲ ಮೊಂಡು, ಇಲ್ಲವೇ ಹಲ್ಲು ಬಿದ್ದಿದೆ. ಸಣ್ಣ ಹಲ್ಲನ್ನು ಮಸೆದು ತೆಗೆಯಬಹುದು. ಬಿರುಕು ಮಾತ್ರ ಕೂದಲೆಳೆಯಷ್ಟಿದ್ದರೂ ಆ ಕತ್ತಿ ಮುಖದ ಹತ್ತಿರ ಬರಬಾರದು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಇದ್ದರೆ ಎರಡೂ ಮಗ್ಗುಲು ನೋಡಿಬಿಡಿ.

ಬಣ್ಣವನ್ನೂ ನೋಡಿ. ಬಾಯಿಯ ಹತ್ತಿರ ನೀಲಿ ಛಾಯೆ ಇದ್ದರೆ ಅಲಂಕಾರ ಅಂದುಕೊಳ್ಳಬೇಡಿ. ಸಾಣೆ ಚಕ್ರದಲ್ಲಿ ಉಕ್ಕು ಸುಟ್ಟಿದೆ. ಕಾರ್ಬನ್ ಉಕ್ಕು ಸುಮಾರು 220 ಡಿಗ್ರಿ ಸೆಲ್ಸಿಯಸ್‌ಗೆ ಒಣಹುಲ್ಲಿನ ಬಣ್ಣ, 300ರ ಹತ್ತಿರ ನೀಲಿ. ಅಷ್ಟು ಕಾದ ಕಡೆ ಹದ ಹೋಗಿ ಮೆತ್ತಗಾಗಿರುತ್ತದೆ. ಅಲ್ಲಿ ಹರಿತ ಬಂದರೂ ನಾಲ್ಕು ದಿನ ನಿಲ್ಲಲ್ಲ.

ಕಾಗದ ಸರ್ರನೆ ಸೀಳಿ ತೋರಿಸುವ ವಿಡಿಯೋಗಳಿಗೆ ಬೆಲೆ ಕೊಡಬೇಡಿ. ಒಳ್ಳೆ ತರಕಾರಿ ಚಾಕೂ ಕಾಗದ ಸೀಳುತ್ತದೆ. ಕತ್ತಿಯ ಬಾಯಿ ಕೆಡೋದಕ್ಕೆ ಅದೊಂದು ದಾರಿ, ಅಷ್ಟೇ.

ಹೆಸರಿನ ವಿಚಾರ. ಜರ್ಮನಿಯ ಸೋಲಿಂಗೆನ್, ಇಂಗ್ಲೆಂಡಿನ ಶೆಫೀಲ್ಡ್, ಫ್ರಾನ್ಸಿನ ಥಿಯೆರ್, ಸ್ವೀಡನ್ನಿನ ಎಸ್ಕಿಲ್‌ಸ್ಟುನಾ, ಇವು ಈ ಕಸುಬಿನ ಹೆಸರಾಂತ ಊರುಗಳು. ಸೋಲಿಂಗೆನ್ ಅನ್ನೋ ಹೆಸರಿಗೆ ಜರ್ಮನಿಯಲ್ಲಿ 1938ರಿಂದ ಕಾನೂನಿನ ರಕ್ಷಣೆ ಇದೆ, ಹೊರಗೆ ಮಾಡಿದ್ದರ ಮೇಲೆ ಹೊಡೆಯುವಂತಿಲ್ಲ. ಆದರೆ ನಕಲಿ ಮಾಡುವವನಿಗೆ ಯಾವ ಕಾನೂನು? ಅದಕ್ಕೇ ನಾನು ಹೆಸರನ್ನು ಕೊನೆಗೆ ಓದುತ್ತೇನೆ. ಅಕ್ಷರಗಳ ಅಂಚು ಕರಗಿ ಮಸುಕಾಗಿದ್ದರೆ ಯಾರೋ ತುಕ್ಕು ಮುಚ್ಚಲು ಹೊಳಪು ಕೊಡುವ ಬಫಿಂಗ್ ಚಕ್ರಕ್ಕೆ ಜಾಸ್ತಿ ಹಿಡಿದಿದ್ದಾರೆ ಅಂತ ಅನುಮಾನ ಪಡಿ.

ಹಳೇ ಕತ್ತಿ ಸಿಕ್ಕರೆ ನಾನಂತೂ ಹೊಸದಕ್ಕಿಂತ ಅದನ್ನೇ ಆರಿಸುತ್ತೇನೆ. ಈಗ ಬಳಸುತ್ತಿರುವುದು ಆ ಕಾಕಾನ ಡ್ರಾಯರಿನಲ್ಲಿ ಧೋತರದ ತುಂಡಿನಲ್ಲಿ ಸುತ್ತಿಟ್ಟಿದ್ದ ಸೋಲಿಂಗೆನ್. ಸವೆದು ಅಗಲ 15 ಆಗಿದೆ, ಬೆನ್ನು 4.2. ಭಾಗಿಸಿ ನೋಡಿ, ಲೆಕ್ಕ ಇನ್ನೂ ಸರಿಯಾಗಿದೆ. ಯಾಕಂದರೆ ಕಲ್ಲಿನ ಮೇಲೆ ಎರಡೂ ಒಟ್ಟಿಗೇ ಸವೆಯುತ್ತವೆ. ಹಳೇದರ ಬೆನ್ನಿನಲ್ಲಿ ಕಲ್ಲು ತಾಗಿದ ಚಪ್ಪಟೆ ಪಟ್ಟಿ ಇರುತ್ತದೆ. ಅದು ತುದಿಯಿಂದ ಹಿಮ್ಮಡಿಯವರೆಗೆ ಒಂದೇ ಅಗಲ ಇದ್ದರೆ ಹಿಂದಿನವರು ಬಲ್ಲವರು. ಒಂದು ಕಡೆ ದಾರದಷ್ಟು, ಇನ್ನೊಂದು ಕಡೆ ಲಾಡಿಯಷ್ಟು ಇದ್ದರೆ ಬಿಟ್ಟುಬಿಡಿ. ಜಂಗಿನ ಕಪ್ಪು ಚುಕ್ಕೆ ಬೆನ್ನಿನ ಹತ್ತಿರ ಇದ್ದರೆ ಇರಲಿ. ಬಾಯಿಯ ಹತ್ತಿರ ಗುಳಿ ಬಿದ್ದಿದ್ದರೆ ಮಸೆದಂತೆಲ್ಲ ಆ ಗುಳಿಯೇ ಬಾಯಿಗೆ ಬಂದು ಹಲ್ಲಾಗುತ್ತದೆ.

ಹಿಡಿಕೆಗೆ ಇಷ್ಟು ಸಾಕು: ಮಡಚಿದಾಗ ಬಾಯಿ ಎರಡು ಪಟ್ಟಿಗಳ ನಡುವೆ ಎಲ್ಲೂ ತಾಗದೆ ಇಳಿಯಬೇಕು, ತಿರುಗಣಿ ಸಡಿಲವೂ ಇರಬಾರದು, ಬಿಗಿಯೂ ಇರಬಾರದು. ಹಳೇ ಸೆಲ್ಯುಲಾಯ್ಡ್ (ಹಳೇ ಕಾಲದ ಪ್ಲಾಸ್ಟಿಕ್) ಹಿಡಿಕೆ ಕೆಟ್ಟರೆ ಅದರಿಂದ ಆಮ್ಲದ ಹೊಗೆ ಬಂದು ಅಲಗಿಗೇ ಜಂಗು ಹಿಡಿಸುತ್ತದೆ. ಆನೆದಂತದ್ದು ಅಂತ ಯಾರಾದರೂ ತೋರಿಸಿದರೆ ಕೈ ಮುಗಿದು ಬನ್ನಿ, 1972ರ ವನ್ಯಜೀವಿ ಕಾಯ್ದೆಯ ತಲೆನೋವು ಬೇಡ.

ಅಲಗಿನ ಅಗಲವನ್ನು ಇಂಚಿನ ಎಂಟನೇ ಭಾಗದಲ್ಲಿ ಹೇಳುತ್ತಾರೆ. ಹೊಸಬರಿಗೆ 5/8 ಅಥವಾ 6/8, ತುದಿ ದುಂಡಗಿರಲಿ. ಚೌಕ ತುದಿ ಕಿವಿಯ ಹತ್ತಿರ ಬುದ್ಧಿ ಕಲಿಸುತ್ತದೆ. ಕಾರ್ಬನ್ ಉಕ್ಕಿನದಾದರೆ ಮಸೆಯೋದು ಸುಲಭ, ಆದರೆ ಮಳೆಗಾಲದಲ್ಲಿ ಒರೆಸಿ ಹೊಲಿಗೆ ಮಷೀನಿನ ಎಣ್ಣೆ ಹಚ್ಚದೆ ಇಟ್ಟರೆ ಮರುದಿನವೇ ಕೆಂಪು ಚುಕ್ಕೆ.

ದೂರದಿಂದ ತರಿಸುವುದಾದರೆ ದುಡ್ಡು ಕಳಿಸುವ ಮೊದಲು ಮೂರು ಫೋಟೋ ಕೇಳಿ: ಬೆನ್ನಿನ ಮೇಲಿಂದ ನೇರವಾಗಿ, ಬಾಯಿಯ ಕಡೆಯಿಂದ ನೇರವಾಗಿ, ಗಾಜಿನ ಮೇಲೆ ಮಲಗಿಸಿದ್ದು. ಮಗ್ಗುಲ ಫೋಟೋದಲ್ಲಿ ಎಲ್ಲ ಕತ್ತಿಯೂ ಚಂದ. ಕೈಗೆ ಬಂದ ದಿನ ಗಾಜು, ಟ್ಯೂಬ್‌ಲೈಟ್, ಮಸೂರ, ವರ್ನಿಯರ್ ಇಷ್ಟರಲ್ಲೇ ನೋಡಿ. ಮಾರ್ಕರ್ ಪರೀಕ್ಷೆ ಆಮೇಲೆ, ಇಟ್ಟುಕೊಳ್ಳುವುದು ಅಂತ ತೀರ್ಮಾನ ಆದಮೇಲೆ. ನಾನು ಮೂರು ಸಂಜೆ ಉಜ್ಜಿ ವಾಪಸ್ ಕಳಿಸಲು ಹೋದಾಗ, “ಕಲ್ಲಿನ ಗೆರೆ ಬಿದ್ದ ಮಾಲು ತಗೊಳ್ಳಲ್ಲ” ಅಂದರು. ತಪ್ಪು ನನ್ನದೇ. ಈಗ ಅದರಲ್ಲಿ ಮನೆಯವಳು ಹಾಲಿನ ಪ್ಯಾಕೆಟ್ ಕತ್ತರಿಸುತ್ತಾಳೆ, ನಡುವಿನ ಹರಿತ ಅಷ್ಟಕ್ಕೆ ಸಾಕಾಗುತ್ತದೆ.